ರೆಸಿನ್ ಕೊಳ್ಳುವ ಮುನ್ನ ಪ್ರಯೋಗಾಲಯ ಬೇಕು

ನಮ್ಮ ಜಿಲ್ಲೆಯ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಇಂದು ಎರಡು ಪ್ರಶ್ನೆಗಳಿಗೆ ಮೇಲಿಂದ ಮೇಲೆ ಉತ್ತರಿಸಬೇಕಾಗಿ ಬಂದಿದೆ. ಮೊದಲನೆಯದನ್ನು ಕೇಳುವವನು ಗಿರಾಕಿ: 'ನೀವು ಕಳುಹಿಸಿದ ಅಕ್ಕಿ ಅಥವಾ ಬೀಜ ಚೀಲದ ಮೇಲೆ ಬರೆದಿರುವ ತಳಿಯದೇ ಹೌದೆ?' ಎರಡನೆಯದನ್ನು ಕೇಳುವವರು ಮಾಲಿನ್ಯ ನಿಯಂತ್ರಣದ ಅಧಿಕಾರಿಗಳು ಮತ್ತು ಪಕ್ಕದ ಹೊಲದ ರೈತರು: 'ನಿಮ್ಮ ಕಾರ್ಖಾನೆಯಿಂದ ಹೊರಬೀಳುವ ನೀರಿನಲ್ಲಿ ಯಾವ ಲೋಹ ಎಷ್ಟಿದೆ?' ಮೊದಲನೆಯದು ಗಂಗಾವತಿಯ ಅಕ್ಕಿ ಗಿರಣಿಗೂ ಕುಷ್ಟಗಿಯ ಬೀಜೋತ್ಪಾದಕರಿಗೂ ಸಂಬಂಧಿಸಿದ್ದು. ಎರಡನೆಯದು ಕೊಪ್ಪಳ-ಗಿಣಿಗೇರಾ ಭಾಗದ ಲೋಹ ಕೆಲಸದ ಘಟಕಗಳಿಗೆ ಸಂಬಂಧಿಸಿದ್ದು. ಎರಡಕ್ಕೂ ಬಾಯಿಮಾತಿನ ಭರವಸೆ ಸಾಲದು; ಪರೀಕ್ಷಾ ವರದಿಯೇ ಬೇಕು. ಆ ವರದಿಗಾಗಿ ನಮ್ಮಲ್ಲಿ ಅನೇಕರು ಮಾದರಿಗಳನ್ನು ಕಟ್ಟಿ ಬೆಂಗಳೂರಿಗೋ ಹೈದರಾಬಾದಿಗೋ ಕಳುಹಿಸಿ ಕಾಯುತ್ತಾರೆ.

ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಈ ಎರಡು ಕೆಲಸಗಳಲ್ಲೂ ಬಳಕೆಯಾಗುವ ಒಂದು ಪದಾರ್ಥವಿದೆ. ಅದೇ ಚಿಲೇಟಿಂಗ್ ರೆಸಿನ್. ಸಾಸಿವೆಗಿಂತ ಸಣ್ಣದಾದ, ತೇವದಿಂದ ಕೂಡಿದ ಪ್ಲಾಸ್ಟಿಕ್ ಮಣಿಗಳ ರಾಶಿ ಅದು. ಕಾರ್ಖಾನೆಯ ತೊಟ್ಟಿಯಲ್ಲಿ ಅದು ನೀರಿನ ಲೋಹವನ್ನು ಹಿಡಿಯುತ್ತದೆ. ಪ್ರಯೋಗಾಲಯದ ಕಿರುಬೆರಳಿನ ಗಾತ್ರದ ನಳಿಗೆಯಲ್ಲಿ ಡಿ.ಎನ್.ಎ. ಬೇರ್ಪಡಿಸಲು ನೆರವಾಗುತ್ತದೆ. ಈ ಪದಾರ್ಥದ ಗುಣವನ್ನೂ ಮಿತಿಯನ್ನೂ ನಮ್ಮ ಸದಸ್ಯರು ತಿಳಿದಿರಬೇಕು. ಆದರೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ರೆಸಿನ್ ಕೊಂಡು ಹಣ ಹಾಕುವುದಕ್ಕಿಂತ ಮೊದಲು, ಎಲ್ಲರೂ ಕೂಡಿ ಒಂದು ಪರೀಕ್ಷಾ ಪ್ರಯೋಗಾಲಯವನ್ನು ಜಿಲ್ಲೆಯಲ್ಲಿಯೇ ನಡೆಸುವ ಯೋಚನೆ ಮಾಡಬೇಕು ಎಂಬುದು ಈ ಲೇಖನದ ನಿವೇದನೆ.

ಏಡಿಯ ಕೊಂಡಿ

'ಚಿಲೇಟ್' ಎಂಬ ಶಬ್ದ ನಮಗೆ ಹೊಸದೇನಲ್ಲ. ರಸಗೊಬ್ಬರದ ಅಂಗಡಿ ಇಟ್ಟವರೆಲ್ಲ ಚಿಲೇಟೆಡ್ ಜಿಂಕ್ ಮಾರಿದವರೇ. ಶೇಕಡ 12ರಷ್ಟು ಸತುವಿರುವ ಆ ಪುಡಿಯಲ್ಲಿ ಇ.ಡಿ.ಟಿ.ಎ. ಎಂಬ ರಾಸಾಯನಿಕವು ಸತುವಿನ ಕಣವನ್ನು ನಾಲ್ಕೂ ಕಡೆಯಿಂದ ಅಪ್ಪಿ ಹಿಡಿದಿರುತ್ತದೆ. ಆದ್ದರಿಂದ ಮಣ್ಣಿನ ಸುಣ್ಣಕ್ಕೆ ಸಿಕ್ಕಿ ಸತು ಗಟ್ಟಿಯಾಗದೆ ಬೆಳೆಗೆ ದಕ್ಕುತ್ತದೆ. ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಡಿಗೆ ಇರುವ ಹೆಸರಿನಿಂದ ಈ ಶಬ್ದ ಬಂದಿದೆ. ತುಂಗಭದ್ರಾ ಎಡದಂಡೆ ನಾಲೆಯ ಗದ್ದೆಯಲ್ಲಿ ಏಡಿ ಹಿಡಿದವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ಇದೇ ಬಗೆಯ ಕೊಂಡಿಯನ್ನು ನೀರಿನಲ್ಲಿ ಕರಗದ ಪ್ಲಾಸ್ಟಿಕ್ ಮಣಿಗೆ ಕಾಯಂ ಆಗಿ ಕಟ್ಟಿದರೆ ಚಿಲೇಟಿಂಗ್ ರೆಸಿನ್ ಆಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಪಾಲಿಸ್ಟೈರೀನ್ ಮಣಿಗೆ ಇಮಿನೋಡೈಅಸಿಟಿಕ್ ಆಮ್ಲದ ಗುಂಪು ಅಂಟಿರುತ್ತದೆ. ನೀರು ಮೆದುಗೊಳಿಸುವ ಸಾಮಾನ್ಯ ರೆಸಿನ್ ನಮ್ಮ ಬಾಯ್ಲರ್ ಇರುವ ಗಿರಣಿಗಳಿಗೆಲ್ಲ ಪರಿಚಿತ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ, ತಾಮ್ರ, ನಿಕ್ಕಲ್ ಎಂದು ಹೆಚ್ಚು ಭೇದ ಎಣಿಸದೆ ಎಲ್ಲವನ್ನೂ ಹಿಡಿಯುತ್ತದೆ. ನಮ್ಮ ಕುಷ್ಟಗಿ, ಯಲಬುರ್ಗಾ ಭಾಗದ ಗಡಸು ಕೊಳವೆಬಾವಿ ನೀರಿನಲ್ಲಿ ಅಂಥ ರೆಸಿನ್ ಕ್ಯಾಲ್ಸಿಯಂನಿಂದಲೇ ತುಂಬಿಹೋಗಿ, ಲೀಟರಿಗೆ ಕೆಲವೇ ಮಿಲಿಗ್ರಾಂ ಇರುವ ನಿಕ್ಕಲ್‌ಗೆ ಜಾಗವೇ ಉಳಿಯುವುದಿಲ್ಲ. ಚಿಲೇಟಿಂಗ್ ರೆಸಿನ್ ಹಾಗಲ್ಲ. ಅದಕ್ಕೆ ತಾಮ್ರ ಬಹಳ ಪ್ರಿಯ, ಆಮೇಲೆ ಸೀಸ, ನಿಕ್ಕಲ್, ಸತು, ಕ್ಯಾಡ್ಮಿಯಂ, ಬಹಳ ಕೆಳಗೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಸೋಡಿಯಂ ಕೊನೆಯಲ್ಲಿ. ಗಡಸು ನೀರಿನ ನಾಡಿನಲ್ಲಿ ಇದು ದೊಡ್ಡ ಗುಣ.

ಭಾರತದಲ್ಲಿ ಇದರ ತಯಾರಿಕೆಯೂ ಇದೆ. ಅಯಾನ್ ಎಕ್ಸ್‌ಚೇಂಜ್ ಮತ್ತು ಥರ್ಮ್ಯಾಕ್ಸ್ ಕಂಪನಿಗಳು ಈ ಬಗೆಯ ರೆಸಿನ್‌ಗಳನ್ನು ಮಾರುಕಟ್ಟೆಗೆ ತಂದಿವೆ. ಕಾಸ್ಟಿಕ್ ಸೋಡ ತಯಾರಿಸುವ ಮೆಂಬ್ರೇನ್ ಪದ್ಧತಿಯ ಕಾರ್ಖಾನೆಗಳು ಉಪ್ಪುನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಲೀಟರಿಗೆ ಸುಮಾರು 20 ಮೈಕ್ರೋಗ್ರಾಂಗಿಂತ ಕೆಳಗೆ ಇಳಿಸಲು ಇದನ್ನೇ ಅವಲಂಬಿಸಿವೆ. ಆಮದು ಮತ್ತು ತೆರಿಗೆಯ ಪಟ್ಟಿಯಲ್ಲಿ ಇದು 3914ನೆಯ ಶೀರ್ಷಿಕೆಯಡಿ ಬರುತ್ತದೆ ಎಂಬುದನ್ನು ರಾಸಾಯನಿಕಗಳ ವ್ಯಾಪಾರದಲ್ಲಿರುವ ಸದಸ್ಯರು ಗಮನಿಸಬಹುದು.

ಲೋಹದ ನೀರು: ಲೆಕ್ಕ ಹಾಕಿ ನೋಡಿದರೆ

ಮೇಲಿನ ಗುಣಗಾನವನ್ನು ಓದಿ ಯಾರಾದರೂ ಮುಲಾಮು ಘಟಕದವರು ನೇರವಾಗಿ ಒಂದು ಕಾಲಮ್ ರೆಸಿನ್‌ಗೆ ಆರ್ಡರ್ ಕೊಡುವುದಾದರೆ, ಅದಕ್ಕೂ ಮೊದಲು ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಬೇಕು.

ನಿಕ್ಕಲ್ ಮುಲಾಮಿನ ಒಂದು ಸಣ್ಣ ಘಟಕವು ದಿನಕ್ಕೆ 5,000 ಲೀಟರ್ ತೊಳೆದ ನೀರನ್ನು ಹೊರಬಿಡುತ್ತದೆ, ಅದರಲ್ಲಿ ಲೀಟರಿಗೆ 200 ಮಿಲಿಗ್ರಾಂ ನಿಕ್ಕಲ್ ಇದೆ ಎಂದಿಟ್ಟುಕೊಳ್ಳೋಣ. ಆಗ ದಿನವೊಂದಕ್ಕೆ 1 ಕಿಲೋಗ್ರಾಂ ನಿಕ್ಕಲ್ ಚರಂಡಿಗೆ ಹೋಯಿತು. ಒಂದು ಲೀಟರ್ ರೆಸಿನ್ ಕೆಲಸದ ಮಟ್ಟದಲ್ಲಿ 20 ಗ್ರಾಂ ನಿಕ್ಕಲ್ ಹಿಡಿಯುತ್ತದೆ ಎಂದು ಭಾವಿಸಿದರೆ, 25 ಲೀಟರ್ ರೆಸಿನ್ 500 ಗ್ರಾಂ ಹಿಡಿದು ಅರ್ಧ ದಿನಕ್ಕೇ ತುಂಬಿಹೋಗುತ್ತದೆ. ದಿನಕ್ಕೆರಡು ಸಲ ಆಮ್ಲದಲ್ಲಿ ತೊಳೆಯುತ್ತಾ ಕುಳಿತರೆ ಮುಲಾಮಿನ ಕೆಲಸ ಮಾಡುವವರು ಯಾರು? ಅದೇ ನೀರಿಗೆ ಮೊದಲು ಸುಣ್ಣ ಅಥವಾ ಕಾಸ್ಟಿಕ್ ಹಾಕಿ, ಲೋಹವನ್ನು ಗಸಿಯಾಗಿ ತಳಕ್ಕೆ ಇಳಿಸಿ, ಸೋಸಿ, ಲೀಟರಿಗೆ 5 ಮಿಲಿಗ್ರಾಂಗೆ ತಂದರೆ ದಿನದ ನಿಕ್ಕಲ್ 25 ಗ್ರಾಂಗೆ ಇಳಿಯುತ್ತದೆ. ಅದೇ 25 ಲೀಟರ್ ರೆಸಿನ್ ಆಗ 20 ದಿನ ಬಾಳುತ್ತದೆ.

ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹಳ್ಳ, ನದಿಗಳಿಗೆ ಬಿಡುವ ನೀರಿನಲ್ಲಿ ನಿಕ್ಕಲ್ ಮತ್ತು ತಾಮ್ರ ತಲಾ ಲೀಟರಿಗೆ 3 ಮಿಲಿಗ್ರಾಂ, ಸತು 5 ಮಿಲಿಗ್ರಾಂ, ಸೀಸ 0.1 ಮಿಲಿಗ್ರಾಂ ಮೀರುವಂತಿಲ್ಲ ಎಂಬ ಸಾಮಾನ್ಯ ಮಿತಿಯಿದೆ. ಸುಣ್ಣ 200ರಿಂದ 5ಕ್ಕೆ ಇಳಿಸುತ್ತದೆ. 5ರಿಂದ ಮಿತಿಯೊಳಕ್ಕೆ ತಂದು ಅಲ್ಲಿಯೇ ನಿಲ್ಲಿಸುವುದು ರೆಸಿನ್‌ನ ಕೆಲಸ. ಸುಣ್ಣದ ತೊಟ್ಟಿಯನ್ನು ಬಿಟ್ಟು ರೆಸಿನ್ ಒಂದನ್ನೇ ನೆಚ್ಚಿದರೆ ಖರ್ಚು ಹೆಚ್ಚು. ಸುಣ್ಣದ ತೊಟ್ಟಿಯೊಂದನ್ನೇ ನೆಚ್ಚಿದರೆ ನೋಟೀಸಿನ ಭಯ ತಪ್ಪುವುದಿಲ್ಲ.

ರೆಸಿನ್ ತುಂಬಿದ ಮೇಲೆ ಶೇಕಡ 5ರಿಂದ 10ರಷ್ಟು ತೀವ್ರತೆಯ ಹೈಡ್ರೋಕ್ಲೋರಿಕ್ ಅಥವಾ ಗಂಧಕಾಮ್ಲ ಹಾಯಿಸಿದರೆ ಕೊಂಡಿಗಳು ಲೋಹವನ್ನು ಬಿಡುತ್ತವೆ. ಬಳಿಕ ನೀರಿನಲ್ಲಿ ತೊಳೆದು, ತೆಳು ಕಾಸ್ಟಿಕ್ ಹಾಯಿಸಿದರೆ ಮಣಿಗಳು ಮತ್ತೆ ಕೆಲಸಕ್ಕೆ ಸಿದ್ಧ. ಈ ಸಂದರ್ಭದಲ್ಲಿ ಮಣಿಗಳು ಗಣನೀಯವಾಗಿ ಉಬ್ಬುತ್ತವೆ, ಕುಗ್ಗುತ್ತವೆ. ಆದ್ದರಿಂದ ಕಾಲಮ್ಮನ್ನು ಬಾಯಿಯವರೆಗೆ ತುಂಬಬಾರದು. ಎಣ್ಣೆ, ಮಣ್ಣು, ಕ್ಲೋರಿನ್ ಮೂರೂ ರೆಸಿನ್‌ಗೆ ಶತ್ರುಗಳು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಚೀಲ ಬಿಚ್ಚಿಟ್ಟರೆ ಮಣಿ ಒಣಗುತ್ತದೆ. ಒಣಗಿದ ಮಣಿಗೆ ಒಮ್ಮೆಲೇ ನೀರು ತಾಗಿದರೆ ಸೀಳುತ್ತದೆ. ಗೋದಾಮಿನಲ್ಲಿ ಇದನ್ನು ಸದಾ ತೇವವಾಗಿ, ನೆರಳಿನಲ್ಲಿ ಇಡಬೇಕು.

ಹೀಗೆ ತೊಳೆದಾಗ ಬರುವ ಲೋಹಭರಿತ ಆಮ್ಲವನ್ನು ಏನು ಮಾಡುವುದು ಎಂಬ ಪ್ರಶ್ನೆಯನ್ನು ಮಾರಾಟಗಾರರು ಸಾಮಾನ್ಯವಾಗಿ ಎತ್ತುವುದೇ ಇಲ್ಲ. ಅದನ್ನು ಚರಂಡಿಗೆ ಬಿಟ್ಟರೆ ಇಪ್ಪತ್ತು ದಿನ ಹಿಡಿದಿಟ್ಟ ವಿಷವನ್ನು ಒಂದೇ ದಿನ ಬಿಟ್ಟಂತಾಯಿತು. ವಿಷಕಾರಿ ಲೋಹ ಹೊತ್ತ, ಸವೆದ ರೆಸಿನ್ ಕೂಡ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಹೆಸರಿಸಲಾದ ವಸ್ತು. ಅದನ್ನು ಪರವಾನಗಿ ಪಡೆದ ವಿಲೇವಾರಿ ಕೇಂದ್ರಕ್ಕೇ ಒಪ್ಪಿಸಬೇಕು. ಅಂಥದೊಂದು ಕೇಂದ್ರ ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿದೆ. ಒಂದು ಘಟಕ ಒಂದು ಡಬ್ಬಿ ತ್ಯಾಜ್ಯಕ್ಕಾಗಿ ಅಷ್ಟು ದೂರ ಲಾರಿ ಕಳುಹಿಸುವುದು ಕಷ್ಟ. ಹತ್ತು ಘಟಕಗಳು ಕೂಡಿದರೆ ಒಂದು ಲಾರಿ ತುಂಬುತ್ತದೆ.

ಎಲ್ಲಿ ಕೆಲಸಕ್ಕೆ ಬಾರದು

ಯಾವುದೇ ಸರಕಿನ ಮಿತಿಯನ್ನು ತಿಳಿಯದೆ ಮಾರಿದವನೂ ಕೊಂಡವನೂ ಕೆಡುತ್ತಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಎರಡು ಮಿತಿಗಳನ್ನು ಒತ್ತಿ ಹೇಳಬೇಕಾಗಿದೆ.

ಒಂದು, ಫ್ಲೋರೈಡ್. ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹಳೆಯ ದುಃಖ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 1 ಮಿಲಿಗ್ರಾಂ ಸಾಕೆನ್ನುತ್ತದೆ, ಬೇರೆ ನೀರು ಸಿಗದಿದ್ದಾಗ 1.5ರವರೆಗೆ ಒಪ್ಪುತ್ತದೆ. ಆದರೆ ಫ್ಲೋರೈಡ್ ಲೋಹವಲ್ಲ. ಲೋಹದ ಕಣಗಳು ಧನ ವಿದ್ಯುದಂಶವುಳ್ಳವು, ಫ್ಲೋರೈಡ್ ಋಣ ವಿದ್ಯುದಂಶವುಳ್ಳದ್ದು. ಸಾಮಾನ್ಯ ಚಿಲೇಟಿಂಗ್ ರೆಸಿನ್‌ನ ಕೊಂಡಿಗೆ ಅದು ಸಿಕ್ಕುವುದಿಲ್ಲ. ಅದಕ್ಕೆ ಆಕ್ಟಿವೇಟೆಡ್ ಅಲ್ಯೂಮಿನಾ, ಆರ್.ಒ. ಮೊದಲಾದ ಬೇರೆ ದಾರಿಗಳಿವೆ. 'ಎಲ್ಲ ವಿಷವನ್ನೂ ತೆಗೆಯುವ ರೆಸಿನ್' ಎಂದು ಹೇಳಿಕೊಂಡು ಹಳ್ಳಿಗಳಲ್ಲಿ ಫಿಲ್ಟರ್ ಮಾರಲು ಯಾರಾದರೂ ಬಂದರೆ, ಆ ಸರಕಿಗೆ ನಮ್ಮ ಸದಸ್ಯರ ಅಂಗಡಿಯ ಹೆಸರು ಅಂಟದಿರಲಿ.

ಎರಡು, ಕ್ರೋಮಿಯಂ. ಮುಲಾಮಿನ ತೊಟ್ಟಿಯಲ್ಲಿರುವ ಹಳದಿ ಬಣ್ಣದ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟ್ ರೂಪದಲ್ಲಿ ಋಣ ವಿದ್ಯುದಂಶ ಹೊತ್ತೇ ಓಡಾಡುತ್ತದೆ. ಅದನ್ನು ಮೊದಲು ಆಮ್ಲದ ಸ್ಥಿತಿಯಲ್ಲಿ ಬೈಸಲ್ಫೈಟ್ ಅಥವಾ ಫೆರಸ್ ಸಲ್ಫೇಟ್‌ನಿಂದ ಮೂರು ವೇಲೆನ್ಸಿಗೆ ಇಳಿಸಿ, ಆಮೇಲೆ ಸುಣ್ಣದಿಂದ ಕೂರಿಸಬೇಕು. ಆರು ವೇಲೆನ್ಸಿಯ ಕ್ರೋಮಿಯಂಗೆ ಇರುವ ಮಿತಿ ಲೀಟರಿಗೆ ಕೇವಲ 0.1 ಮಿಲಿಗ್ರಾಂ. ಈ ಶಿಸ್ತನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ ನಮ್ಮ ಕಣ್ಣ ಮುಂದಿದೆ. ನೂರಾರು ಸಣ್ಣ ಘಟಕಗಳ ಆ ಪ್ರದೇಶದಲ್ಲಿ ಅಂತರ್ಜಲಕ್ಕೇ ಕ್ರೋಮಿಯಂ ಇಳಿದಿರುವುದು ಅಧ್ಯಯನಗಳಲ್ಲಿ ದೃಢಪಟ್ಟಿದೆ. ಭೂಮಿಯೊಳಗೆ ಒಮ್ಮೆ ಇಳಿದ ಲೋಹವನ್ನು ಹಿಂದಕ್ಕೆ ತರುವ ಖರ್ಚನ್ನು ಯಾವ ಸಣ್ಣ ಉದ್ಯಮಿಯೂ ಹೊರಲಾರ. ಪೀಣ್ಯದಷ್ಟು ನಾವು ಬೆಳೆದಿಲ್ಲ. ಬೆಳೆಯುವ ಮೊದಲೇ ಪಾಠ ಕಲಿಯುವ ಅವಕಾಶ ನಮಗಿದೆ.

ಇನ್ನೊಂದು ಸೂಕ್ಷ್ಮವೂ ಉಂಟು. ತ್ಯಾಜ್ಯ ನೀರಿನಲ್ಲಿಯೇ ಇ.ಡಿ.ಟಿ.ಎ.ಯಂಥ ಪ್ರಬಲ ಕೊಂಡಿ ಸೇರಿದ್ದರೆ, ಲೋಹವು ಸುಣ್ಣಕ್ಕೂ ಬಗ್ಗದು, ರೆಸಿನ್‌ಗೂ ಸುಲಭವಾಗಿ ಬಾರದು. ಒಂದು ಏಡಿ ಹಿಡಿದದ್ದನ್ನು ಇನ್ನೊಂದು ಏಡಿ ಕಿತ್ತುಕೊಳ್ಳುವುದು ಕಷ್ಟ. ಇವೆಲ್ಲ ಹೊರನೋಟಕ್ಕೆ ತಿಳಿಯುವ ವಿಷಯಗಳಲ್ಲ. ನೀರಿನಲ್ಲಿ ಏನಿದೆ, ಯಾವ ರೂಪದಲ್ಲಿದೆ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು. ರೆಸಿನ್‌ಗಿಂತ ಮೊದಲು ಪ್ರಯೋಗಾಲಯ ಬೇಕೆನ್ನುವುದಕ್ಕೆ ಮೊದಲ ಕಾರಣ ಇದು.

ಅದೇ ಮಣಿ, ಬೇರೆ ಕೆಲಸ

ಇನ್ನು ಡಿ.ಎನ್.ಎ. ವಿಷಯ. ಪ್ರತಿ ಜೀವಕೋಶದಲ್ಲೂ ಆ ತಳಿಯ ಜಾತಕವಿರುತ್ತದೆ. ಅದನ್ನು ಓದಬೇಕಾದರೆ ಮೊದಲು ಕೋಶವನ್ನು ಒಡೆದು ಹೊರತೆಗೆಯಬೇಕು. ಕೋಶ ಒಡೆದ ಕ್ಷಣವೇ ಅದರೊಳಗಿನ ಕೆಲವು ಕಿಣ್ವಗಳು ಡಿ.ಎನ್.ಎ.ಯನ್ನು ತುಂಡರಿಸಲು ತೊಡಗುತ್ತವೆ. ಆ ಕಿಣ್ವಗಳು ಕೆಲಸ ಮಾಡಲು ಮೆಗ್ನೀಸಿಯಂ ಕಣಗಳು ಬೇಕು. ಅದಲ್ಲದೆ ಲೋಹದ ಕಣಗಳಿರುವ ನೀರನ್ನು ಕುದಿಸಿದರೆ ಡಿ.ಎನ್.ಎ. ತಾನಾಗಿಯೂ ಮುರಿಯುತ್ತದೆ. ನಳಿಗೆಯಲ್ಲಿ ಚಿಲೇಟಿಂಗ್ ರೆಸಿನ್ ಇದ್ದರೆ ಅದು ಮೆಗ್ನೀಸಿಯಂ ಮೊದಲಾದವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಿಣ್ವದ ಕೈ ಕಟ್ಟಿದಂತಾಗುತ್ತದೆ. ಅಂದರೆ ರೆಸಿನ್ ಡಿ.ಎನ್.ಎ.ಯನ್ನು ಹಿಡಿಯುವುದಿಲ್ಲ; ಅದನ್ನು ಕೆಡಿಸುವ ಲೋಹವನ್ನು ಹಿಡಿದು ಡಿ.ಎನ್.ಎ.ಯನ್ನು ಕಾಯುತ್ತದೆ.

1991ರಲ್ಲಿ ಅಮೆರಿಕದ ಮೂವರು ಸಂಶೋಧಕರು ಅಪರಾಧ ತನಿಖೆಯ ರಕ್ತದ ಕಲೆ ಮೊದಲಾದವುಗಳಿಗಾಗಿ ಈ ವಿಧಾನವನ್ನು ಪ್ರಕಟಿಸಿದರು. ಚೆಲೆಕ್ಸ್ 100 ಎಂಬ ರೆಸಿನ್‌ನ ಶೇಕಡ 5ರ ತೇಲುಮಿಶ್ರಣದಲ್ಲಿ ಮಾದರಿಯನ್ನಿಟ್ಟು, 56 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇರಿಸಿ, ಆಮೇಲೆ 8 ನಿಮಿಷ ಕುದಿಸಿ, ಗಿರಗಿರನೆ ತಿರುಗಿಸಿದರೆ ಮಣಿಗಳು ತಳಕ್ಕೆ ಕೂರುತ್ತವೆ. ಮೇಲಿನ ತಿಳಿಯಲ್ಲಿ ಡಿ.ಎನ್.ಎ. ಇರುತ್ತದೆ. ಫೀನಾಲ್, ಕ್ಲೋರೋಫಾರಂಗಳಂಥ ಅಪಾಯಕಾರಿ ದ್ರವಗಳು ಬೇಡ. ಒಂದೇ ನಳಿಗೆಯಲ್ಲಿ ಕೆಲಸ ಮುಗಿಯುವುದರಿಂದ ಮಾದರಿಗಳು ಅದಲುಬದಲಾಗುವ ಸಂಭವವೂ ಕಡಿಮೆ. 2010ರಲ್ಲಿ ಸಸ್ಯಗಳಿಗೂ ಪಾಚಿಗಳಿಗೂ ಇದೇ ರೆಸಿನ್ ಹೊಂದುವ ಸರಳ ವಿಧಾನವೊಂದು ಪ್ರಕಟವಾಯಿತು.

ಆ ತಿಳಿಯ ಒಂದೆರಡು ಹನಿಯನ್ನು ಪಿ.ಸಿ.ಆರ್. ಯಂತ್ರಕ್ಕೆ ಹಾಕಿದರೆ, ಬೇಕಾದ ತುಣುಕು ಪ್ರತಿ ಸುತ್ತಿಗೂ ಇಮ್ಮಡಿಯಾಗುತ್ತಾ 30 ಸುತ್ತಿಗೆ ನೂರು ಕೋಟಿ ಮಡಿಗೂ ಮೀರಬಲ್ಲದು. ಕೋವಿಡ್ ಕಾಲದಲ್ಲಿ ಈ ಯಂತ್ರದ ಹೆಸರು ಕೇಳದವರಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ರೆಸಿನ್ ಮಣಿ ತಪ್ಪಿ ಯಂತ್ರದ ನಳಿಗೆಗೆ ಹೋದರೆ ಅಲ್ಲಿ ಬೇಕಾದ ಮೆಗ್ನೀಸಿಯಂ ಅನ್ನೂ ಕಬಳಿಸಿ ಪರೀಕ್ಷೆಯನ್ನೇ ಕೆಡಿಸುತ್ತದೆ. ಹಾಗೆಯೇ ಈ ವಿಧಾನವು ಸಸ್ಯದ ಒಗರು, ಲೋಳೆಗಳನ್ನು ತೆಗೆಯುವುದಿಲ್ಲ. ಭತ್ತದ ಎಳೆಯ ಎಲೆಗೆ ಒಪ್ಪುವ ಈ ಸರಳ ದಾರಿ, ಒಗರು ಹೆಚ್ಚಿರುವ ಹತ್ತಿಗೆ ಅಷ್ಟಾಗಿ ಒಪ್ಪದು. ಅಲ್ಲಿ ಹಳೆಯ, ದೀರ್ಘವಾದ ವಿಧಾನಗಳೇ ಹೆಚ್ಚು ಭರವಸೆಯವು. ಕಾರ್ಖಾನೆಗೆಂದು ಡ್ರಮ್ಮಿನಲ್ಲಿ ಬರುವ ರೆಸಿನ್ ಮತ್ತು ಪ್ರಯೋಗಾಲಯದ ಶುದ್ಧೀಕರಿಸಿದ ರೆಸಿನ್ ರಸಾಯನದಲ್ಲಿ ಅಣ್ಣತಮ್ಮಂದಿರಾದರೂ ಶುದ್ಧತೆಯಲ್ಲಿ ಒಂದೇ ಅಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವ ಉಳಿತಾಯ ಉಳಿತಾಯವೇ ಅಲ್ಲ.

ಕುಷ್ಟಗಿಯ ಬೀಜ, ಗಂಗಾವತಿಯ ಅಕ್ಕಿ

ಇದರಿಂದ ನಮ್ಮ ವ್ಯಾಪಾರಕ್ಕೇನು ಲಾಭ? ಮೊದಲು ಬೀಜವನ್ನು ನೋಡೋಣ. ಕುಷ್ಟಗಿ ಮತ್ತು ಸುತ್ತಲಿನ ಊರುಗಳಲ್ಲಿ ನೆರಳುಪರದೆಯ ಮನೆಗಳನ್ನು ಕಟ್ಟಿ, ಟೊಮೆಟೊ, ಮೆಣಸಿನಕಾಯಿ ಮೊದಲಾದ ಹೈಬ್ರಿಡ್ ಬೀಜ ಬೆಳೆಯುವ ರೈತರಿದ್ದಾರೆ. ಗಂಡು ಗಿಡದ ಹೂವಿನ ಪರಾಗವನ್ನು ಹೆಣ್ಣು ಗಿಡದ ಹೂವಿಗೆ ಕೈಯಿಂದ ಮುಟ್ಟಿಸುವ ನವಿರಾದ ಕೆಲಸ ಅದು. ಹೆಚ್ಚಿನ ಕಡೆ ಹೆಣ್ಣುಮಕ್ಕಳ ಬೆರಳಿನ ಜಾಣ್ಮೆಯ ಮೇಲೆ ನಿಂತಿದೆ. ಹೆಣ್ಣು ಗಿಡದ ಹೂವು ತನ್ನದೇ ಪರಾಗಕ್ಕೆ ಕಾಯಿಕಟ್ಟಿದರೆ ಬೀಜದಲ್ಲಿ ಬೆರಕೆ ಸೇರಿತು. ಪ್ರಮಾಣಿತ ಹೈಬ್ರಿಡ್ ಬೀಜಗಳಿಗೆ ಸಾಮಾನ್ಯವಾಗಿ ಶೇಕಡ 95, ಹತ್ತಿ, ಟೊಮೆಟೊ, ಬದನೆಯ ಹೈಬ್ರಿಡ್‌ಗಳಿಗೆ ಶೇಕಡ 90 ತಳಿಶುದ್ಧತೆ ಇರಬೇಕೆಂಬುದು ಭಾರತೀಯ ಬೀಜ ಪ್ರಮಾಣೀಕರಣದ ಮಾನದಂಡ.

ಶುದ್ಧತೆಯನ್ನು ತಿಳಿಯುವ ಸಾಂಪ್ರದಾಯಿಕ ದಾರಿ ಎಂದರೆ ಬೀಜವನ್ನು ಬಿತ್ತಿ, ಗಿಡ ಬೆಳೆಸಿ, ಕಣ್ಣಿನಿಂದ ನೋಡುವ ಗ್ರೋ-ಔಟ್ ಪರೀಕ್ಷೆ. ಗಿಡ ತನ್ನ ಗುಣ ತೋರಿಸಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಹಂಗಾಮು ಕಳೆದಿರುತ್ತದೆ. ರೈತನ ಹಣ, ವರ್ತಕನ ಬಂಡವಾಳ, ಕಂಪನಿಯ ದಾಸ್ತಾನು ಮೂರೂ ಕಟ್ಟಿಬಿದ್ದಿರುತ್ತವೆ. ಕೊನೆಗೆ ಬೀಜ ನಪಾಸಾದರೆ ರೈತನ ಕೈಗೆ ಬರುವುದು ಒಂದು ಮಾತು ಮಾತ್ರ. ಅದನ್ನು ಪ್ರಶ್ನಿಸಲು ಅವನ ಬಳಿ ಬೇರೆ ಆಧಾರವಿರುವುದಿಲ್ಲ. ಡಿ.ಎನ್.ಎ. ಗುರುತಿನ ಪರೀಕ್ಷೆಯಲ್ಲಿ ತಾಯಿಗೆ ಒಂದು ಗೆರೆ, ತಂದೆಗೆ ಇನ್ನೊಂದು ಗೆರೆ. ನಿಜವಾದ ಹೈಬ್ರಿಡ್‌ನಲ್ಲಿ ಎರಡೂ ಕಾಣಿಸುತ್ತವೆ. ತಾಯಿಯ ಗೆರೆಯೊಂದೇ ಕಂಡರೆ ಅದು ಸ್ವಪರಾಗದ ಕೂಸು. ಮೊಳಕೆ ಬಂದ ಕೆಲವೇ ದಿನಗಳಲ್ಲಿ ಇದನ್ನು ಹೇಳಬಹುದು. ಶೇಕಡ 95ರ ಶುದ್ಧತೆಯನ್ನು ನೋಡಲು 80 ಗಿಡ, ಶೇಕಡ 99ಕ್ಕೆ 400 ಗಿಡ ಎಂಬುದು ಗ್ರೋ-ಔಟ್ ಪರೀಕ್ಷೆಯ ಲೆಕ್ಕ. ಡಿ.ಎನ್.ಎ. ಪರೀಕ್ಷೆಗೂ ಒಂದು ರಾಶಿಯಿಂದ ಹತ್ತಾರು ಮೊಳಕೆಗಳನ್ನು ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ. ಅಷ್ಟೊಂದು ನಳಿಗೆಗಳನ್ನು ಒಂದೇ ದಿನ ಸಿದ್ಧಪಡಿಸಬೇಕಾದಾಗ, ಹೊಂದುವ ಬೆಳೆಗಳಲ್ಲಿ, ಕುದಿಸಿ ತಿಳಿ ತೆಗೆಯುವ ರೆಸಿನ್ ವಿಧಾನದ ಬೆಲೆ ಗೊತ್ತಾಗುತ್ತದೆ.

ಅಕ್ಕಿಯ ವಿಷಯವೂ ಹಗುರವಾದುದಲ್ಲ. 'ಸೋನಾ' ಎಂಬ ಹೆಸರಿನ ಬಲದ ಮೇಲೆ ಗಂಗಾವತಿ, ಕಾರಟಗಿಯ ಗಿರಣಿಗಳ ಚೀಲಗಳು ಹೊರ ಊರುಗಳಲ್ಲಿ ಮಾರಾಟವಾಗುತ್ತವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ 'ಗಂಗಾವತಿ ಸೋನಾ' ಎಂಬ ತಳಿ ಬಂದಿದೆ. ಆದರೆ ಪಾಲಿಷ್ ಮಾಡಿದ ಮೇಲೆ ಸಣ್ಣಕ್ಕಿಗಳೆಲ್ಲ ಕಣ್ಣಿಗೆ ಒಂದೇ. ಬೆರಕೆ ಮಾಡಿದವನ ಲಾಭಕ್ಕಾಗಿ ಮಾಡದವನ ಹೆಸರು ಕೆಡುತ್ತದೆ. ಬಾಸುಮತಿ ವ್ಯಾಪಾರ ಈ ಕಷ್ಟವನ್ನು ಮೊದಲೇ ಕಂಡಿತು. ಬ್ರಿಟನ್ನಿನ ಅಕ್ಕಿ ಉದ್ಯಮವು 2005ರಲ್ಲಿ ಒಪ್ಪಿಕೊಂಡ ಸಂಹಿತೆಯಲ್ಲಿ ಬಾಸುಮತಿಗೆ ಶೇಕಡ 7ಕ್ಕಿಂತ ಹೆಚ್ಚು ಬೇರೆ ಅಕ್ಕಿ ಸೇರಬಾರದೆಂದು ನಿಗದಿಯಾಯಿತು. ಅದನ್ನು ತೂಗಿ ನೋಡುವ ತಕ್ಕಡಿ ಡಿ.ಎನ್.ಎ. ಪರೀಕ್ಷೆ. ರಫ್ತುದಾರರಿಗಾಗಿ ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಕೇಂದ್ರದಲ್ಲಿ ಅಪೆಡಾ ಸಹಯೋಗದಿಂದ ಬಾಸುಮತಿ ಪರೀಕ್ಷೆಯ ವ್ಯವಸ್ಥೆಯಾಯಿತು. ಆಗಸ್ಟ್ 2023ರಿಂದ ನಮ್ಮ ದೇಶದಲ್ಲಿಯೂ ಬಾಸುಮತಿಗೆ ಪ್ರತ್ಯೇಕ ಆಹಾರ ಮಾನಕ ಜಾರಿಗೆ ಬಂದಿದೆ. ಸೋನಾ ಅಕ್ಕಿಗೆ ಅಂಥ ಕಟ್ಟುಪಾಡನ್ನು ಹೊರಗಿನವರು ಹೇರುವವರೆಗೆ ಕಾಯಬೇಕೆ, ನಾವೇ ಮುಂದಾಗಬೇಕೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಇಲ್ಲಿಯೂ ಮಿತಿಗಳಿವೆ. ಹತ್ತಿರದ ಸಂಬಂಧದ ತಳಿಗಳನ್ನು ಬೇರ್ಪಡಿಸಲು ತಕ್ಕ ಗುರುತುಗಳನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಕುದಿಸಿದ, ಸ್ಟೀಮ್ ಮಾಡಿದ ಅಕ್ಕಿಯಲ್ಲಿ ಡಿ.ಎನ್.ಎ. ತುಂಡಾಗಿರುವುದರಿಂದ ಓದುವುದು ಕಷ್ಟ. ಹೈಬ್ರಿಡ್ ಬೀಜದಲ್ಲಿ ತಂದೆತಾಯಿ ತಳಿಗಳ ಮಾದರಿಯನ್ನು ಕಂಪನಿ ಕೊಡದಿದ್ದರೆ ಹೋಲಿಸಿ ನೋಡಲು ಆಗದು. ಬೀಜ ಕಾಯಿದೆಯಡಿ ನಡೆಯುವ ಅಧಿಕೃತ ಪರೀಕ್ಷೆಯ ಸ್ಥಾನವನ್ನು ನಮ್ಮ ಖಾಸಗಿ ವರದಿ ತೆಗೆದುಕೊಳ್ಳಲಾರದು. ಆದರೆ ದಾಸ್ತಾನನ್ನು ಕೊಳ್ಳುವ ಮುನ್ನ, ಕಳುಹಿಸುವ ಮುನ್ನ, ಜಗಳ ಹತ್ತುವ ಮುನ್ನ ಸತ್ಯ ತಿಳಿಯಲು ಅದು ಸಾಕು.

ಕೂಡಿ ಕಟ್ಟಬೇಕಾದದ್ದು

ಈ ಪ್ರಸ್ತಾವಕ್ಕೆ ಬರುವ ಆಕ್ಷೇಪಣೆಗಳನ್ನು ಊಹಿಸಬಹುದು. 'ಪ್ರಯೋಗಾಲಯ ಸರ್ಕಾರದ ಕೆಲಸ, ನಮ್ಮದಲ್ಲ' ಎಂಬುದು ಮೊದಲನೆಯದು. ಸರ್ಕಾರ ತನ್ನ ಕಾನೂನಿನ ಅಗತ್ಯಕ್ಕೆ ತಕ್ಕಂತೆ ಪರೀಕ್ಷೆ ನಡೆಸುತ್ತದೆ. ನಮ್ಮ ಲಾರಿ ಹೊರಡುವ ದಿನಕ್ಕೆ ತಕ್ಕಂತೆ ನಡೆಸುವ ಹೊಣೆ ಅದಕ್ಕಿಲ್ಲ. 'ನಮ್ಮ ನೀರನ್ನು ನಾವೇ ಪರೀಕ್ಷಿಸಿ ದಾಖಲೆ ಇಟ್ಟರೆ ಅದೇ ನಮಗೆ ಮುಳುವಾದೀತು' ಎಂಬುದು ಎರಡನೆಯದು. ಈ ಭಯ ಸುಳ್ಳಲ್ಲ. ಆದರೆ ಮಿತಿ ಮೀರಿದ್ದನ್ನು ತಾನೇ ಕಂಡು ಸರಿಪಡಿಸಿದ ಉದ್ಯಮಿಗೂ ಅಧಿಕಾರಿ ಬಂದು ಹಿಡಿದಾಗ ಕಣ್ಣು ಬಿಡುವ ಉದ್ಯಮಿಗೂ ಅಂತರವಿದೆ. 'ಇಷ್ಟು ಸಣ್ಣ ಊರಿಗೆ ಅಷ್ಟು ಕೆಲಸ ಎಲ್ಲಿದೆ?' ಎಂಬುದು ಮೂರನೆಯದು, ಮತ್ತು ನಿಜವಾಗಿ ಯೋಚಿಸಬೇಕಾದದ್ದು. ಮುಲಾಮು ಘಟಕಗಳ ನೀರೊಂದನ್ನೇ ನಂಬಿದರೆ ಪ್ರಯೋಗಾಲಯ ನಡೆಯದು. ಅಕ್ಕಿ, ಬೀಜ, ತ್ಯಾಜ್ಯ ನೀರು, ಕೊಳವೆಬಾವಿ ನೀರು ನಾಲ್ಕನ್ನೂ ಒಂದೇ ಸೂರಿನಡಿ ತಂದರೆ ಹಂಗಾಮಿನಿಂದ ಹಂಗಾಮಿಗೆ ಕೆಲಸವಿರುತ್ತದೆ.

ಇದಕ್ಕೆ ಆಟಿಕೆಯನ್ನೂ ಸೇರಿಸಬೇಕು. ಭಾನಾಪುರದ ಆಟಿಕೆ ಕ್ಲಸ್ಟರಿನಿಂದಾಗಿ ನಮ್ಮ ಜಿಲ್ಲೆಯ ಹೆಸರು ಆ ಉದ್ಯಮದೊಂದಿಗೆ ಬೆಸೆದಿದೆ. ಕಿನ್ನಾಳದ ಬಣ್ಣದ ಗೊಂಬೆಗಳ ಕೀರ್ತಿ ಅದಕ್ಕಿಂತ ಬಹಳ ಹಳೆಯದು. 1 ಜನವರಿ 2021ರಿಂದ ಆಟಿಕೆಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಜಾರಿಯಲ್ಲಿದೆ. ಅದರ ಮಾನಕಗಳಲ್ಲಿ ಒಂದು ಭಾಗ ಪೂರ್ತಿಯಾಗಿ, ಬಣ್ಣದಿಂದ ಸೀಸದಂಥ ಧಾತುಗಳು ಎಷ್ಟು ಹೊರಸೂಸುತ್ತವೆ ಎಂಬುದಕ್ಕೆ ಮೀಸಲಾಗಿದೆ. ನೋಂದಾಯಿತ ಕುಶಲಕರ್ಮಿಗಳಿಗೆ ಆ ಆದೇಶದಿಂದ ವಿನಾಯಿತಿ ಇದೆ. ಆದರೆ ಮಗುವಿನ ಕೈಗೆ ಗೊಂಬೆ ಕೊಡುವ ತಾಯಿ ವಿನಾಯಿತಿ ನೋಡಿ ಕೊಳ್ಳುವುದಿಲ್ಲ. ನೀರಿನ ಸೀಸವನ್ನು ಅಳೆಯುವ ಉಪಕರಣವೇ ಬಣ್ಣದ ಸೀಸವನ್ನೂ ಅಳೆಯುತ್ತದೆ.

ನಮ್ಮ ಸಂಸ್ಥೆಯ ಮುಂದೆ ಇಡಬಹುದಾದ ಕೆಲಸಗಳು ಹೀಗಿವೆ. ಮೊದಲ ವರ್ಷ ಕಟ್ಟಡ ಕಟ್ಟುವ ಗೋಜು ಬೇಡ. ಯಾರಿಗೆ ಯಾವ ಪರೀಕ್ಷೆ ವರ್ಷಕ್ಕೆ ಎಷ್ಟು ಸಲ ಬೇಕು, ಈಗ ಅದಕ್ಕೆ ಎಷ್ಟು ತೆರುತ್ತಿದ್ದಾರೆ ಎಂಬ ಪಟ್ಟಿಯನ್ನು ನಾಲ್ಕೂ ಹಳೆಯ ತಾಲ್ಲೂಕುಗಳ ಸದಸ್ಯರಿಂದ ಸಂಗ್ರಹಿಸಬೇಕು. ಅದೇ ವೇಳೆಗೆ ಮಾದರಿ ಸಂಗ್ರಹ ಕೇಂದ್ರವೊಂದನ್ನು ತೆರೆದು, ಎಲ್ಲರ ಮಾದರಿಗಳನ್ನು ಒಟ್ಟಾಗಿ ಮಾನ್ಯತೆ ಪಡೆದ ಹೊರಗಿನ ಪ್ರಯೋಗಾಲಯಗಳಿಗೆ ಸಗಟು ದರದಲ್ಲಿ ಕಳುಹಿಸಬೇಕು. ಎರಡನೆಯ ಹಂತದಲ್ಲಿ ರಾಯಚೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ತಜ್ಞರನ್ನು ಆಹ್ವಾನಿಸಿ, ಸೋನಾ ತಳಿಗಳಿಗೂ ಇಲ್ಲಿ ಬೆಳೆಯುವ ತರಕಾರಿ ಬೀಜಗಳಿಗೂ ಯಾವ ಗುರುತುಗಳು ತಕ್ಕವೆಂದು ನಿಶ್ಚಯಿಸಬೇಕು. ಮೂರನೆಯ ಹಂತದಲ್ಲಿ ಸ್ವಂತ ಪ್ರಯೋಗಾಲಯ. ಇದಕ್ಕೆ ಕೇಂದ್ರದ ಸಣ್ಣ ಉದ್ದಿಮೆಗಳ ಕ್ಲಸ್ಟರ್ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅನುದಾನದ ಅವಕಾಶವಿದೆ. 371(ಜೆ) ವಿಧಿಯ ಫಲವಾಗಿ ಬಂದಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮುಂದೆಯೂ ಬೇಡಿಕೆ ಇಡಬಹುದು. ರಸ್ತೆ, ಕಟ್ಟಡಗಳಿಗೆ ಕೇಳಿದಷ್ಟೇ ಧೈರ್ಯದಿಂದ ಪ್ರಯೋಗಾಲಯವನ್ನೂ ಕೇಳುವ ಕಾಲ ಬಂದಿದೆ.

ಯಂತ್ರ ಸಿಕ್ಕಿದರೆ ಸಾಲದು. ರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಓದಿದ ನಮ್ಮ ಊರಿನ ಹುಡುಗ ಹುಡುಗಿಯರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದಾರೆ. ಅವರಲ್ಲಿ ನಾಲ್ವರಿಗೆ ಇಲ್ಲಿಯೇ ತಕ್ಕ ಸಂಬಳ ಕೊಟ್ಟು ಉಳಿಸಿಕೊಳ್ಳದಿದ್ದರೆ, ಎಷ್ಟು ಬೆಲೆಯ ಉಪಕರಣವಾದರೂ ಮುಸುಕು ಹಾಕಿಕೊಂಡು ಮೂಲೆಯಲ್ಲಿ ಕೂರುತ್ತದೆ. ಎನ್.ಎ.ಬಿ.ಎಲ್. ಮಾನ್ಯತೆ ಪಡೆಯುವುದನ್ನು ಮೊದಲ ದಿನದಿಂದಲೇ ಗುರಿಯಾಗಿ ಇಟ್ಟುಕೊಳ್ಳಬೇಕು. ಮಾನ್ಯತೆಯಿಲ್ಲದ ವರದಿಯನ್ನು ಹೊರ ಊರಿನ ಗಿರಾಕಿ ನಂಬಲಾರ. ಪ್ರಯೋಗಾಲಯದ ಆಡಳಿತದಲ್ಲಿ ಬೀಜ ಬೆಳೆಯುವ ರೈತರ ಪ್ರತಿನಿಧಿಯೂ ಇರಬೇಕು. ವರ್ತಕರೇ ನಡೆಸುವ ಪ್ರಯೋಗಾಲಯ ವರ್ತಕರ ಪರವಾಗಿಯೇ ಬರೆದುಕೊಡುತ್ತದೆ ಎಂಬ ಮಾತಿಗೆ ಎಡೆಯಾದರೆ, ಅದರ ಮೊಹರಿಗೆ ಬೆಲೆಯಿಲ್ಲ.

ತುಂಗಭದ್ರೆಯ ನೀರು ನಮ್ಮ ಭಾಗಕ್ಕೆ ಭತ್ತವನ್ನು ಕೊಟ್ಟಿತು. ಭತ್ತದಿಂದ ಗಿರಣಿಗಳು ಬಂದವು, ಗಿರಣಿಗಳಿಂದ ವ್ಯಾಪಾರ ಬೆಳೆಯಿತು. ಆ ನೀರು ಶುದ್ಧವಾಗಿರುವುದು, ಆ ಅಕ್ಕಿಯ ಹೆಸರು ಉಳಿಯುವುದು, ಕುಷ್ಟಗಿಯ ಬೀಜಕ್ಕೆ ನಂಬಿಕೆ ಬರುವುದು ನಮ್ಮ ಮುಂದಿನ ಪೀಳಿಗೆಯ ಬಂಡವಾಳ. ರೆಸಿನ್ ಮಣಿಗಳನ್ನು ಯಾವಾಗ ಬೇಕಾದರೂ ಕೊಳ್ಳಬಹುದು, ಸವೆದರೆ ಬದಲಾಯಿಸಬಹುದು. ಕೆಟ್ಟ ಬಾವಿ ಮತ್ತು ಕೆಟ್ಟ ಹೆಸರಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಮುಂಬರುವ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಈ ಪ್ರಸ್ತಾವವನ್ನು ಸೇರಿಸಿ ಚರ್ಚಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿ. ಸದಸ್ಯ ಬಾಂಧವರು ತಮಗೆ ಬೇಕಾದ ಪರೀಕ್ಷೆಗಳ ಪಟ್ಟಿಯನ್ನು ಅಷ್ಟರೊಳಗೆ ಸಿದ್ಧಪಡಿಸಿಕೊಂಡು ಬಂದರೆ ಚರ್ಚೆ ಮಾತಿನಲ್ಲಿಯೇ ಮುಗಿಯದೆ ಲೆಕ್ಕಕ್ಕೆ ಇಳಿದೀತು.